ಜಗಳವಾಡಿ ಪಡೆದ ಅಂಕ

ಗೆಳೆಯರೇ, ಇವತ್ತು ದವಾಖಾನೆಯಲ್ಲಿ ಡಾಕ್ಟರ ಜೊತೆ ಜಗಳವಾಡಿ ಗೆದ್ದೆ.

ಅವ್ವನ ನೆನಪಿನ ಪರೀಕ್ಷೆ ನಡೆದಿತ್ತು. ವಾರ, ತಿಂಗಳು, ಊರು ಎಲ್ಲ ಸರಿಯಾಗಿಯೇ ಹೇಳಿದಳು. "ನಿಮ್ಮ ಯಜಮಾನ್ರ ಹೆಸರೇನ್ರಿ ಅವ್ವಾರ?" ಎಂದಾಗ ಮಾತ್ರ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಡಾಕ್ಟರು ಸೊನ್ನೆ ಹಾಕಿದರು.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಕಡೆ ಹೆಂಗಸ್ರು ಗಂಡನ ಹೆಸರು ಹೇಳಂಗಿಲ್ರಿ ಸರ. ಅದು ಮರೆವಲ್ಲ, ಮರ್ಯಾದಿ!"

ಅವರು ನಕ್ಕು, ಸೊನ್ನೆ ಹೊಡೆದುಹಾಕಿ ಒಂದು ಅಂಕ ಕೊಟ್ಟರು.

ಹಂಸಭಾವಿಗೆ ಮರಳುವ ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದುಕೊಂಡು, ಯಾರಿಗೂ ಕೇಳದಂತೆ ಕಿವಿಯಲ್ಲಿ ಕೇಳಿದಳು: "ನಿಮ್ಮಪ್ಪಾರ ಹೆಸರ ಏನಿತ್ತಬೇ?"

ಹೇಳಿದೆ. ಊರು ಬರುವುದರೊಳಗೆ ಮತ್ತೆರಡು ಸಲ ಹೇಳಿದೆ.

ಆ ಅಂಕವನ್ನು ವಾಪಸ್ ಕೊಡುವುದು ಯಾವ ಕೌಂಟರಿನಲ್ಲಿ? ಗೊತ್ತಿದ್ದವರು ತಿಳಿಸಿ.