ಸೊಸೆಯ ಇನ್ನೂರ ನಲವತ್ತು ವ್ಯಾಟು

ಮೂಡಲಗಿಯಲ್ಲಿ ಮೂವತ್ತೆಂಟು ವರ್ಷ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿ ಬದುಕಿದವನು ನಾನು. ಓದಿದ್ದು ಹೈಸ್ಕೂಲಿನವರೆಗೆ. ತಂತಿಯ ದಪ್ಪವನ್ನು ಬೆರಳಿನಿಂದಲೇ ಹೇಳಬಲ್ಲೆ ಎಂಬ ಹೆಮ್ಮೆ ಮೊದಲಿನಿಂದಲೂ ಇತ್ತು. ಆ ಹೆಮ್ಮೆಯಿಂದಲೇ ಸೊಸೆಯ ಕಂಪ್ಯೂಟರನ್ನು ಸುಟ್ಟೆ. ಸುಟ್ಟವನು ನಾನಲ್ಲ ಎಂದು ಎರಡು ದಿನ ಸುಳ್ಳನ್ನೂ ಹೇಳಿದೆ.

ನನ್ನ ಸೊಸೆ ಸಿವಿಲ್ ಡಿಪ್ಲೊಮಾ ಓದಿದವಳು. ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ಅವಳ ಕೆಲಸ. ಕಲ್ಲೋಳಿಯ ಮನೆ ಕಟ್ಟುವ ಗೌಂಡಿಗಳು ಜಾಗದ ಅಳತೆ ತಂದುಕೊಟ್ಟರೆ ವಾರದೊಳಗೆ ಗೋಡೆ, ಬಣ್ಣ, ಕಟ್ಟೆಯ ಮೇಲೆ ಬಿದ್ದ ಬೆಳಗಿನ ಬಿಸಿಲು ಎಲ್ಲವೂ ಪರದೆಯ ಮೇಲೆ ಇರುತ್ತಿತ್ತು. ಈ ವರ್ಷ ಹುಕ್ಕೇರಿಯ ಒಂದು ಕಲ್ಯಾಣ ಮಂಟಪದ ಕಮಿಟಿಯವರು ಅವಳನ್ನು ಕರೆದರು. ಒಳಗೆ ನಡೆದು ಹೋದಂತೆ ಇಡೀ ಮಂಟಪವನ್ನು ಸೋಮವಾರದ ಸಭೆಯಲ್ಲಿ ತೋರಿಸಬೇಕು. ಮನಸ್ಸಿಗೆ ಬಂದರೆ ನಕ್ಷೆಯ ಕೆಲಸವೆಲ್ಲ ಅವಳಿಗೆ, ಇಲ್ಲವಾದರೆ ಬೆಳಗಾವಿಯ ಎಂಜಿನಿಯರೊಬ್ಬರಿಗೆ. ಅಷ್ಟು ದೊಡ್ಡ ಕೆಲಸ ಅವಳಿಗೆ ಅದೇ ಮೊದಲು.

ಅವಳದು ಯಾವುದೋ ಆಫೀಸಿನಲ್ಲಿ ದುಡಿದು ಬಂದ ಹಳೆಯ ಕಂಪ್ಯೂಟರು, ನಿಲ್ಲಿಸಿಟ್ಟ ದಪ್ಪ ಪುಸ್ತಕದಷ್ಟೇ ಅಗಲ. ನಡೆದಾಡುವ ಚಿತ್ರ ಮಾಡಲು ಹೋದರೆ ಉಬ್ಬಸ ಬಂದವರಂತೆ ನಿಂತುಬಿಡುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕಾಯಿತು. ಆದರೆ ಒಳಗೆ ಕರೆಂಟು ಹಂಚುವ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ, ಇದ್ದದ್ದು ಇನ್ನೂರ ನಲವತ್ತು ವ್ಯಾಟಿನದು. ಆಕಾರವೂ ಬೇರೆ. ಮಾರುಕಟ್ಟೆಯ ದೊಡ್ಡ ಸಪ್ಲೈ ಅದರೊಳಗೆ ಕೂರುವುದಿಲ್ಲ.

ಅವಳು ಕಾರ್ಡ್ ಆರಿಸಿದ ರೀತಿಯನ್ನು ನಾನು ನೋಡಿದ್ದೇನೆ. ಎಂಟು ದಿನ, ಅಡುಗೆಯ ನಡುವೆ, ಕುಕ್ಕರಿನ ಸೀಟಿ ಎಣಿಸುತ್ತ, ಕಂಪ್ಯೂಟರಿನ ಪ್ರತಿಯೊಂದು ಭಾಗ ಎಷ್ಟು ವ್ಯಾಟ್ ನುಂಗುತ್ತದೆ ಎಂದು ಹುಡುಕಿ ಬರೆದುಕೊಂಡಳು. ಎಲ್ಲ ಸೇರಿ ನೂರಿಪ್ಪತ್ತು. ಉಳಿದ ನೂರಿಪ್ಪತ್ತನ್ನು ಅವಳು ಪೂರ್ತಿ ಲೆಕ್ಕಕ್ಕೆ ಹಿಡಿಯಲಿಲ್ಲ. ಸಪ್ಲೈಗೆ ವಯಸ್ಸಾಗಿದೆ, ಬೇಸಿಗೆಯಲ್ಲಿ ಇನ್ನೂ ಸೊರಗುತ್ತದೆ ಎಂದು ನಲವತ್ತೈದು ಬಿಟ್ಟಳು. ಎಪ್ಪತ್ತೈದರೊಳಗೆ ನಡೆಯುವ, ಬೇರೆ ತಂತಿ ಬೇಡದ, ಮದರ್‌ಬೋರ್ಡಿನಿಂದಲೇ ಕರೆಂಟು ತೆಗೆದುಕೊಳ್ಳುವ, ಆ ಇಕ್ಕಟ್ಟಿನಲ್ಲಿ ಹಿಡಿಸುವ ಗಿಡ್ಡ ಕಾರ್ಡೊಂದನ್ನು ಗುರುತಿಸಿ ಚೀಟಿಯಲ್ಲಿ ಹೆಸರು ಬರೆದಳು. ಗೋಕಾಕಕ್ಕೆ ಹೊರಟಿದ್ದ ನನ್ನ ಕೈಗೆ ಅದನ್ನು ಕೊಟ್ಟಳು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ನಮ್ಮ ಕಡೆ ಏಳೂವರೆ ಎಚ್‌ಪಿ ಮೋಟಾರಿಗೆ ಐದು ಎಚ್‌ಪಿ ಎಂದು ಬರೆದ ಪ್ಲೇಟು ಹೊಡೆಯುವುದಿತ್ತು. ಕರೆಂಟಿನವರು ಮಂಜೂರು ಮಾಡಿದ್ದು ಐದು, ಬಾವಿ ಆಳವಾದ ಮೇಲೆ ಬೇಕಾದದ್ದು ಏಳೂವರೆ. ರೈತರು ಕೇಳುತ್ತಿದ್ದರು, ನಾನು ಹೊಡೆದುಕೊಡುತ್ತಿದ್ದೆ. ನೂರಾರು ಪ್ಲೇಟು ಹೊಡೆದಿದ್ದೇನೆ. ಹೀಗಾಗಿ ಪ್ಲೇಟಿನ ಮೇಲಿನ ಅಂಕಿ ಬರೀ ತೋರಿಕೆಗೆ, ಒಳಗಿನ ಶಕ್ತಿ ಯಾವಾಗಲೂ ಅದಕ್ಕಿಂತ ಹೆಚ್ಚು ಎಂಬುದು ನನ್ನ ರಕ್ತದಲ್ಲೇ ಸೇರಿಹೋಗಿತ್ತು.

ಗೋಕಾಕದ ಅಂಗಡಿಯಲ್ಲಿ ಚೀಟಿಯ ಕಾರ್ಡ್ ಇತ್ತು, ಅಂಗೈಯಷ್ಟು. ಪಕ್ಕದಲ್ಲಿ ಎರಡು ಫ್ಯಾನಿನ, ಇಟ್ಟಿಗೆಯಷ್ಟು ಭಾರದ, ಬಳಸಿದ ಕಾರ್ಡೂ ಇತ್ತು. ಅಂಗಡಿಯವರು, ಅದು ನೂರೈವತ್ತು ವ್ಯಾಟ್ ಬೇಡುತ್ತದೆ, ನಿಮ್ಮ ಸಪ್ಲೈ ಎಷ್ಟರದು ಎಂದು ಎರಡು ಸಲ ಕೇಳಿದರು. ನಾನೂರೈವತ್ತು ಎಂದೆ. ಬಾಯಿ ತಡವರಿಸಲೂ ಇಲ್ಲ.

ಮನೆಗೆ ಬಂದು, ನೀನು ಬರೆದದ್ದು ಸಿಗಲಿಲ್ಲ, ಇದು ಅದಕ್ಕಿಂತ ಗಟ್ಟಿ ಎಂದೆ. ಅವಳು ಡಬ್ಬಿಯ ಮೇಲಿನ ಬರಹ ಓದಿ, ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು.

“ಇದನ್ನ ತಾಳೂದಿಲ್ರಿ ಮಾವಾರ ನಮ್ಮ ಪೆಟ್ಟಿಗಿ. ತಿರುಗಿ ಕೊಟ್ಟ ಬರೂಣು.”

“ಪ್ಲೇಟ್ ನೋಡಿ ಅಂಜೂದ್ಯಾಕವಾ? ಬರದದ್ದೆಲ್ಲಾ ಖರೇ ಇರತೈತೇನ?” ಎಂದು ನಕ್ಕೆ. ಅವಳು ನಗಲಿಲ್ಲ.

ಮರುದಿನ ಅವಳು ಮಂಟಪದ ಊಟದ ಮನೆಯ ಜಾಗ ಅಳೆಯಲು ಹುಕ್ಕೇರಿಗೆ ಹೋದಾಗ ನಾನು ಮುಚ್ಚಳ ತೆಗೆದೆ. ಕಾರ್ಡ್ ದೊಡ್ಡದಾಗಿ ಮುಚ್ಚಳ ಮುಚ್ಚಲಾಗಲಿಲ್ಲ, ತೆರೆದೇ ಬಿಟ್ಟೆ. ಬೇಕಾದ ತಂತಿ ಅದರಲ್ಲಿರಲಿಲ್ಲ, ಇದ್ದ ತಂತಿಗಳಿಗೆ ಗಂಟು ಹಾಕಿ ಜೋಡಿಸಿದೆ. ಚಾಲೂ ಆಯಿತು. ಅವಳು ಅಲ್ಲಿಯವರೆಗೆ ಮಾಡಿದ್ದ ಮಂಟಪ ನೀರಿನಂತೆ ಸರಾಗವಾಗಿ ತಿರುಗಿತು. ಸೊಸೆ ಬಂದಾಗ ತೋರಿಸಬೇಕೆಂದು ಖುಷಿಯಿಂದ ಕುಳಿತಿದ್ದೆ. ಹತ್ತು ನಿಮಿಷವಾಗಿರಬಹುದು, ಟಪ್ ಎಂದಿತು. ಮೂಗಿಗೆ ಬಂದ ಸುಟ್ಟ ವಾಸನೆ ಸಪ್ಲೈಯದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಗಂಟು ಬಿಚ್ಚಿ, ಕಾರ್ಡನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಮುಚ್ಚಿದೆ. ಅವಳು ಬಂದಾಗ, ಕರೆಂಟು ಹೆಚ್ಚು ಕಡಿಮೆಯಾಗಿ ಹೀಗಾಯಿತು ಎಂದೆ. ಸಭೆಗೆ ಉಳಿದದ್ದು ನಾಲ್ಕೇ ದಿನ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಹೋದಳು. ಅಂಗಡಿಯ ಅಟ್ಟದ ಮೇಲಿದ್ದ ಕೆಟ್ಟ ಕಂಪ್ಯೂಟರುಗಳ ರಾಶಿಯಿಂದ ಅದೇ ಜಾತಿಯ ಸಪ್ಲೈ ಹುಡುಕಿ ತೆಗೆಸಿದಳು. ಇಟ್ಟಿಗೆಯಂಥ ಕಾರ್ಡ್ ಕೊಟ್ಟು ತಾನು ಚೀಟಿಯಲ್ಲಿ ಬರೆದಿದ್ದ ಅಂಗೈಯಗಲದ ಕಾರ್ಡನ್ನು ತಂದಳು. ಆ ಸಂಜೆ ಕಮಿಟಿಯವರು ಫೋನ್ ಮಾಡಿ ಕೆಲಸ ಎಲ್ಲಿಗೆ ಬಂತೆಂದು ಕೇಳಿದರು. ಅವಳು ಹೇಳಿದ ಮಾತು ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಕಿವಿಗೂ ಬಿತ್ತು. “ಕಂಪ್ಯೂಟರ್ ಸುಟ್ಟಿತ್ರಿ. ನಾನ ಲೆಕ್ಕಾ ತಪ್ಪಿದ್ದೆ.”

ಕೂರಲಾಗದೆ ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಸಪ್ಲೈಯ ಧೂಳು ಒರೆಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತ್ರಿ. ನಾನೂರೈವತ್ತು ಅಂದಿದ್ರಂತಲ್ಲಾ? ಅಂಗಡಿ ಕಾಕಾರು ಹೇಳಿದ್ರು.”

“ಮತ್ತ ನನಗ ಯಾಕ ಬೈಲಿಲ್ಲ?”

“ನೀವು ಹೇಳ್ತೀರೇನೋ ಅಂತ ಕಾದ್ನಿ.” ಸಪ್ಲೈಯನ್ನು ನನ್ನತ್ತ ಸರಿಸಿ, “ಇದು ರಾಶ್ಯಾಗಿನ ಮಾಲ್ರಿ. ಎಷ್ಟ ಭಾರ ಹೊರತೈತಿ ಅಂತ ನೋಡಾಕ ಬರತೈತೇನ ನಿಮಗ?” ಎಂದಳು.

ಅದು ನನಗೆ ಬರುತ್ತಿತ್ತು. ಟ್ರ್ಯಾಕ್ಟರಿನ ಹೆಡ್‌ಲೈಟ್ ಬಲ್ಬುಗಳನ್ನು ಅದರ ಹನ್ನೆರಡು ವೋಲ್ಟಿನ ತಂತಿಗೆ ಒಂದೊಂದಾಗಿ ಜೋಡಿಸಿ ಭಾರ ಕೊಟ್ಟೆ. ಅವಳು ಮೀಟರ್ ಹಿಡಿದು ಅಂಕಿ ಓದಿದಳು. ಮೂರು ಬಲ್ಬಿನವರೆಗೆ ಜಗ್ಗಲಿಲ್ಲ. ನಾಲ್ಕನೆಯದಕ್ಕೆ ಮುಳ್ಳು ಇಳಿಯಿತು. ತನಗೆ ಮೂರರಷ್ಟು ಸಾಕು ಎಂದು ಅವಳು ನಿಲ್ಲಿಸಿದಳು. ಆಗ ಅವಳಿಗೆ ನನ್ನ ಪ್ಲೇಟುಗಳ ಕಥೆಯನ್ನೂ ಹೇಳಿದೆ. ಹೇಳುತ್ತಿದ್ದಂತೆಯೇ ಇನ್ನೊಂದು ಮಾತು ಹೊಳೆಯಿತು. ಸುಳ್ಳು ಪ್ಲೇಟಿನ ಮೋಟಾರುಗಳೆಲ್ಲ ಒಂದೇ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲೆ ಎಳೆದಾಗ ವೋಲ್ಟೇಜ್ ಕುಸಿದು, ಸರಿಯಾದ ಮೋಟಾರು ಇಟ್ಟವರದೂ ಸುಡುತ್ತಿತ್ತು. ಸುಟ್ಟದ್ದು ನನ್ನ ಅಂಗಡಿಗೇ ಬರುತ್ತಿತ್ತು. ಅಷ್ಟು ವರ್ಷ ಅದನ್ನು ನಾನು ನನ್ನ ಕೈಗುಣ ಎಂದುಕೊಂಡಿದ್ದೆ.

ಗಿಡ್ಡ ಕಾರ್ಡ್ ಸದ್ದಿಲ್ಲದೆ ದುಡಿಯಿತು. ಕೈಯಿಟ್ಟು ನೋಡಿದೆ, ಹೊಸದಾಗಿ ಸುತ್ತಿದ ಒಳ್ಳೆಯ ಮೋಟಾರಿನಷ್ಟೇ ಬೆಚ್ಚಗಿತ್ತು. ಆದರೂ ಹೋದ ದಿನಗಳು ಹೋದವು. ಸೋಮವಾರದ ಹೊತ್ತಿಗೆ ಊಟದ ಮನೆ ಮುಗಿದಿರಲಿಲ್ಲ.

ಹುಕ್ಕೇರಿಯ ಸಭೆಯಲ್ಲಿ ಎಂಟು ಮಂದಿ ಹಿರಿಯರು ಬಾಗಿಲಿನಿಂದ ಅಕ್ಷತೆಯ ವೇದಿಕೆಯವರೆಗೆ ಪರದೆಯ ಮೇಲೆಯೇ ನಡೆದು ಹೋದರು. ಒಬ್ಬರು ಕಂಬ ಅಡ್ಡ ಬಂತೆಂದು ಕುತ್ತಿಗೆ ವಾಲಿಸಿದರು. ಆಮೇಲೆ ಅಧ್ಯಕ್ಷರು, “ಎಲ್ಲಾ ಬರೋಬ್ಬರಿ ಐತಿ. ಊಟದ ಮನಿ ಎಲ್ಲೈತವಾ? ಉಪಾಸ ಮದುವಿ ಏನ?” ಎಂದರು. ಎಲ್ಲರೂ ನಕ್ಕರು. ಸೊಸೆ, ತನ್ನ ಲೆಕ್ಕ ತಪ್ಪಿ ಎಂದು ಶುರುಮಾಡಿದಳು. ಕಂಪ್ಯೂಟರ್ ಹೊತ್ತು ಜೊತೆಗೆ ಬಂದು ಹಿಂದೆ ಕುಳಿತಿದ್ದ ನಾನು ಎದ್ದು ನಿಂತೆ.

“ತಪ್ಪು ಆಕಿದಲ್ರಿ, ನಂದು. ಬ್ಯಾಡಂದ್ರೂ ಕೇಳದ ನಾ ಸುಟ್ಟೆ. ಆಕಿ ಲೆಕ್ಕಾ ಸರಿ ಇತ್ತು.”

ನೀವು ಯಾರೆಂದು ಕೇಳಿದರು. ಮಾವ, ಮೋಟಾರು ಸುತ್ತುವವನು ಎಂದೆ. ಅಧ್ಯಕ್ಷರು ಅವಳತ್ತ ತಿರುಗಿ, ಗುರುವಾರ ಊಟದ ಮನೆ ತೋರಿಸಲು ಆಗುತ್ತದೆಯೇ ಎಂದು ಕೇಳಿದರು. ಅವಳು ಕ್ಷಣ ಯೋಚಿಸಿ, ಶುಕ್ರವಾರ ಎಂದಳು. ಒಪ್ಪಿದರು.

ವಾಪಸು ಬರುವಾಗ ಘಟಪ್ರಭಾದವರೆಗೂ ಅವಳು ಮೊಬೈಲಿನಲ್ಲಿ ಅಳತೆ ನೋಡುತ್ತ ಕುಳಿತಿದ್ದಳು. ಆಮೇಲೆ, ಇಪ್ಪತ್ತಡಿಯ ಸಾಲಿನಲ್ಲಿ ಎಷ್ಟು ಮಂದಿ ಊಟಕ್ಕೆ ಕೂರುತ್ತಾರೆ ಎಂದು ಕೇಳಿದಳು. ಹದಿನಾಲ್ಕು ಎನ್ನಲು ಬಾಯಿ ತೆರೆದಿದ್ದೆ. ಗೊತ್ತಿಲ್ಲ, ಅಳೆದು ನೋಡೋಣ ಎಂದೆ.