ಸ್ಪಿನ್‌ಸ್ಟರ್ ಅಂದರೆ ನೂಲೋಳು

ನಮ್ಮಕ್ಕ ಇಪ್ಪತ್ತೆಂಟು ವರ್ಷ ಹತ್ತಿ ಗಿರಣಿಯಲ್ಲಿ ನೂಲು ತೆಗೆದವಳು. ಎಳೆ ಹರಿದರೆ ಯಂತ್ರ ನಿಲ್ಲಿಸದೆ ಎರಡೇ ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದಳು. ಅಮ್ಮ ಸತ್ತಾಗ ನನಗೆ ಒಂಬತ್ತು ವರ್ಷ. ನನ್ನನ್ನು ಸಾಕುವುದರಲ್ಲೇ ಅವಳ ಮದುವೆ ವಯಸ್ಸು ದಾಟಿತು. ಯಾರಾದರೂ ಕೇಳಿದರೆ, "ಗಂಡು ಬಂದಿದ್ದ, ನನ್ನ ತಮ್ಮನ ಬಾಯಿಗೆ ಹೆದರಿ ಓಡಿಹೋದ" ಅನ್ನುವಳು.

ಗಿರಣಿಯವರು ಇರಲು ಕೋಣೆ ಕೊಟ್ಟಾಗ ಮೊಹರು ಹಾಕಿದ ಒಂದು ಇಂಗ್ಲಿಷ್ ಕರಾರು ಕಾಗದವನ್ನೂ ಕೊಟ್ಟರು. ಅವಳ ಹೆಸರಿನ ಪಕ್ಕ 'ಸ್ಪಿನ್‌ಸ್ಟರ್' ಅಂತಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅಕ್ಷರ ಕೂಡಿಸಿ ಓದಿದೆ. "ಸ್ಪಿನ್ನಿಂಗ್ ಅಂದ್ರೆ ನೂಲೋದು, ಸ್ಪಿನ್‌ಸ್ಟರ್ ಅಂದ್ರೆ ನೂಲೋಳು. ನಿನ್ನ ಕೆಲಸಾನೇ ಬರೆದಿದಾರೆ ನೋಡಕ್ಕ!"

ಗಿರಣಿ ಮುಚ್ಚಿದ ವಾರ ಎಲ್ಲರೂ ಕೆಲಸದ ಸರ್ಟಿಫಿಕೇಟಿಗೆ ಸಾಲು ನಿಂತರು. "ಈ ನೂಕುನುಗ್ಗಲಲ್ಲಿ ಯಾಕೆ ಸಾಯ್ತೀಯ? ಮೊಹರು ಬಿದ್ದ ಕಾಗದ ಇದೆಯಲ್ಲ" ಅಂತ ಗದರಿ ಅವಳನ್ನು ಮನೆಗೆ ಕರೆತಂದವನೂ ನಾನೇ.

ಈಗ ಅವಳ ಎದೆ ತುಂಬ ಹತ್ತಿಯ ಧೂಳು. ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ. ಅದಕ್ಕೆ ಸರಿಯಾದ ಚಿಕಿತ್ಸೆ ಇರುವುದು ಕಾರ್ಮಿಕರ ಆಸ್ಪತ್ರೆಯಲ್ಲಿ ಮಾತ್ರ. ಒಳಗೆ ಬಿಡಲು ನೂಲಿನ ಕೆಲಸ ಮಾಡಿದ ಪುರಾವೆ ಬೇಕು. ಗಿರಣಿಯ ಹಾಜರಿ ಪುಸ್ತಕಗಳು ಎಂದೋ ಗುಜರಿ ಸೇರಿದ್ದವು. ನಾನು ಆ ಕಾಗದವನ್ನೇ ಆಸ್ಪತ್ರೆಯ ಗುಮಾಸ್ತನ ಮುಂದಿಟ್ಟೆ.

"ಇದರಲ್ಲಿ ಕೆಲಸ ಎಲ್ಲಿದೆ?" ಅಂದ ಗುಮಾಸ್ತ. "ಕೋಣೆಗಳನ್ನ ಹೊರಗಿನವರಿಗೂ ಬಾಡಿಗೆಗೆ ಕೊಡ್ತಿದ್ರು. ಸ್ಪಿನ್‌ಸ್ಟರ್ ಅಂದ್ರೆ ಮದುವೆ ಆಗದೆ ಉಳಿದವಳು ಅಂತ."

ಹಿಂದೆ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕರು. ನಾನು ಮೇಜು ಗುದ್ದಿದೆ. ಹೊರಗೆ ಹಾಕಿದರು.

ಮಾರನೆಯ ದಿನ ಲೈಬ್ರರಿಗೆ ಹೋದೆ. ಅಲ್ಲಿನ ಮುದುಕರೊಬ್ಬರು ದಪ್ಪ ನಿಘಂಟು ತೆಗೆದು ನೋಡಿದರು. "ನೀನು ಓದಿದ್ದು ತಪ್ಪಲ್ಲಪ್ಪ, ತಡ ಆಯ್ತು ಅಷ್ಟೆ. ಮೊದಲು ಇದಕ್ಕೆ ನೂಲುವ ಹೆಂಗಸು ಅಂತಲೇ ಅರ್ಥ. ಒಂಟಿ ಹೆಂಗಸರು ಎಷ್ಟೋ ಜನ ನೂಲಿ ಹೊಟ್ಟೆ ಹೊರೀತಿದ್ರು. ಆಮೇಲೆ ಕೋರ್ಟು ಕಾಗದಗಳಲ್ಲಿ ಮದುವೆ ಆಗದವಳು ಅಂತಾಯ್ತು. ಕೊನೆಗೆ ಬೈಗುಳವೇ ಆಯ್ತು."

"ಎಷ್ಟು ತಡ?"

"ಮುನ್ನೂರು, ನಾನೂರು ವರ್ಷ."

ಆದರೂ ಅದನ್ನೆಲ್ಲ ಬರೆಸಿಕೊಂಡು, ಅಕ್ಕನನ್ನು ಕರೆದುಕೊಂಡು ಮತ್ತೆ ಹೋದೆ. ಗುಮಾಸ್ತ ಪೂರ್ತಿ ಓದಿದ. "ಹಾಗಾದ್ರೆ ನಾನೂರು ವರ್ಷದ ಹಿಂದೆ ಬರಬೇಕಿತ್ತು" ಅಂದ.

ಅವನ ಕಾಲರಿಗೆ ಕೈ ಹಾಕಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಬಿಡೋ. ನೂಲಿದ್ದಕ್ಕೆ ಸಾಕ್ಷಿ ಇಲ್ಲ, ಮದುವೆ ಆಗದ್ದಕ್ಕೆ ಮೊಹರೇ ಇದೆ. ನಡಿ."

ದಾರಿಯುದ್ದಕ್ಕೂ ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನೂ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ.

ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಎಲ್ಲ ಕಾಯಿಲೆಗೂ ಒಂದೇ ಸಾಲು, ಒಂದೇ ಬಣ್ಣದ ಮಾತ್ರೆ. ಚೀಟಿ ಬರೆಯುವಾಕೆ ತಲೆ ಎತ್ತದೆ ಕೇಳಿದಳು:

"ಏನು ಕೆಲಸ ಮಾಡ್ತಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಮನೇಲೇ ಇದ್ದೆ" ಅಂದಳು.

ಆಕೆ ಹಾಗೇ ಬರೆದುಕೊಂಡಳು.