ಹಳೆ ಫೋಲ್ಡರಿನ ಖಂಡೇ ಪೂಜೆ

ನಾಳೆ ಖಂಡೇ ಪೂಜೆ. ನಮ್ಮ ಕಡೆ ಅಂದು ಮನೆಯಲ್ಲಿ ದುಡಿಯುವ ಹತಾರಗಳನ್ನೆಲ್ಲ ತೊಳೆದು, ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಅದರ ಹಿಂದಿನ ದಿನ ನನ್ನ ಹೆಂಡತಿ ಗೋಣಿಚೀಲ ಹಿಡಿದು ನನ್ನ ಕಪಾಟಿನ ಮುಂದೆ ಬಂದು ನಿಲ್ಲುವುದು ಪದ್ಧತಿ. "ಬ್ಯಾಡಾದ್ದೆಲ್ಲಾ ಇದರಾಗ ಒಗೀರಿ" ಅನ್ನುತ್ತಾಳೆ. ನಾನು ಹಾಗೆ ಒಗೆಯುವ ಪೈಕಿ ಅಲ್ಲ. ಮೊದಲು ಎಲ್ಲವನ್ನೂ ಮಂಚದ ಮೇಲೆ ಹರವಿ, ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕೆಟ್ಟ ಚಾರ್ಜರು ಎರಡು, ಮುಚ್ಚಳವಿಲ್ಲದ ಪೆನ್ನು ಏಳು, ಯಾವ ಬಾಗಿಲಿನದೆಂದು ಗೊತ್ತಿಲ್ಲದ ಕೀಲಿಕೈ ಒಂದು. ಹೇಳಿ ಮುಗಿದ ಮೇಲೆಯೇ ಚೀಲಕ್ಕೆ ಹಾಕುವುದು. "ಹರಾಜು ಕೂಗಿದಂಗ ಕೂಗತೀರಿ" ಎಂದು ಅವಳ ದೂರು. ಇವತ್ತು ಹಾಗೆ ಕೂಗುತ್ತಿರುವಾಗ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಬಂತು. ಒಳಗೆ ಕಂಪ್ಯೂಟರಿನ ಟೇಪು, ಮುಚ್ಚಳದ ಮೇಲೆ ಒಣಗಿದ ಕುಂಕುಮ. ಕೂಗು ಅಲ್ಲಿಗೆ ನಿಂತಿತು.

ಈ ಕೂಗುವ ಚಟ ನನಗೆ ಅಂಟಿದ್ದು ತೊಂಬತ್ತರ ದಶಕದ ಕೊನೆಗೆ, ಗೋಕಾಕ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ. ಡಿಪ್ಲೊಮಾ ಮುಗಿಸಿ, 'ಆರು ತಿಂಗಳು ನೋಡೋಣ' ಎಂಬ ಷರತ್ತಿನ ಮೇಲೆ ಸೇರಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಊರಲ್ಲೆಲ್ಲ ಬಿಸಿಲು ಕಾಯುತ್ತಿದ್ದರೆ ಅಲ್ಲಿ ಮಾತ್ರ ಏಸಿಯ ತಂಪು. ಆ ತಂಪಿನ ನಡುವೆ ಸ್ವೆಟರ್ ತೊಟ್ಟು ಕೂತಿರುತ್ತಿದ್ದವರು ಕೋಣೆಯ ಯಜಮಾನರಾದ ಬಾಬು ಕಾಕಾ.

ಕಾಕಾ ಜೈನರು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಮನೆ ಗೋಕಾಕದಲ್ಲಿ. ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಸೂರ್ಯ ಕೈಕೊಡುತ್ತಾನೆಂದು ಸಂಜೆ ಐದೂವರೆಗೇ ಕೋಣೆಯಲ್ಲಿ ಡಬ್ಬಿ ಬಿಚ್ಚಿ, ಉಂಡು, ಹೊರಟುಬಿಡುತ್ತಿದ್ದರು. ಕಾರ್ಖಾನೆಯ ಲೆಕ್ಕಪತ್ರಗಳಾದರೋ ಆಮೇಲೆಯೇ ಒಂದೊಂದಾಗಿ ಬಂದು ಬೀಳುತ್ತಿದ್ದವು. ಹೀಗಾಗಿ ಅವರು ಮಾಡಬೇಕಾದ ಕೆಲಸವನ್ನೆಲ್ಲ ಸಾಲುಸಾಲಾಗಿ ಬರೆದು, ಇಂಥ ಹೊತ್ತಿಗೆ ನೀನೇ ಮಾಡು ಎಂದು ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಒಪ್ಪಿಸಿ ಹೋಗುತ್ತಿದ್ದರು. ಹೀಗೆ ಬರೆದಿಟ್ಟ ಅಪ್ಪಣೆಗಳ ಸಾಲಿಗೆ ಸ್ಕ್ರಿಪ್ಟು ಎನ್ನುತ್ತಾರೆ. ಅದನ್ನು ಯಾಕೆ ಬರೆಯಬೇಕು ಎಂಬುದಕ್ಕೆ ದಪ್ಪದಪ್ಪ ಪುಸ್ತಕಗಳಲ್ಲಿ ಘನವಾದ ಕಾರಣಗಳಿವೆ. ನಮ್ಮ ಕೋಣೆಯಲ್ಲಿ ಇದ್ದ ಕಾರಣ ಐದೂವರೆಯ ಜೋಳದ ರೊಟ್ಟಿ.

ಮೌಸು ಅವರಿಗೆ ಆಗುತ್ತಿರಲಿಲ್ಲ. "ತೋರಬೆರಳು ಮಾಡಿ ತೋರಸೂದು ಮಾತ ಬರದ ಕೂಸುಗಳ ಕೆಲಸ. ನಿನಗ ಮಾತ ಬರತಾವಿಲ್ಲ? ಬರದ ಹೇಳು" ಅನ್ನುತ್ತಿದ್ದರು. ಬರೆದು ಹೇಳುವುದಕ್ಕೂ ಕಟ್ಟಳೆಗಳಿದ್ದವು. ಸರ್ವರಿನಲ್ಲಿ ರೂಟ್ ಎಂಬ ದೊಡ್ಡ ಅಧಿಕಾರವೊಂದಿರುತ್ತದೆ, ಅದರಲ್ಲಿ ಹೊಕ್ಕವನು ಏನು ಬೇಕಾದರೂ ಅಳಿಸಬಹುದು. ಕಾಕಾ ಅದರೊಳಗೆ ಹೋಗುವಾಗ ಮೊಳೆಗೆ ನೇತುಹಾಕಿದ ಬಿಳಿ ಟೋಪಿಯನ್ನು ತಲೆಗೇರಿಸುತ್ತಿದ್ದರು. ಟೋಪಿ ತಲೆಯ ಮೇಲಿದ್ದಷ್ಟು ಹೊತ್ತು ಯಾರೂ ಮಾತಾಡಿಸುವಂತಿಲ್ಲ, ಚಹಾ ತರುವಂತಿಲ್ಲ. ಕೆಲಸ ಮುಗಿದ ಕೂಡಲೇ ಹೊರಬಂದು ಟೋಪಿ ತೆಗೆದು, ಬೆವರಿಲ್ಲದ ಹಣೆ ಒರೆಸಿಕೊಳ್ಳುತ್ತಿದ್ದರು.

ಎರಡನೆಯ ಕಟ್ಟಳೆ, ಏನನ್ನಾದರೂ ಅಳಿಸುವ ಮೊದಲು ಆ ಸಾಲಿನ ಮುಂದೆ ಎಕೋ ಎಂದು ಸೇರಿಸಬೇಕು. ಆಗ ಯಂತ್ರ ಅಳಿಸುವುದಿಲ್ಲ, ಏನೇನು ಅಳಿಸಲಿದ್ದೇನೆ ಎಂದು ಬರೆದು ತೋರಿಸುತ್ತದೆ. ಅದನ್ನು ನಾನು ಗಟ್ಟಿಯಾಗಿ ಓದಬೇಕು, ಕಾಕಾ ಕಣ್ಣು ಮುಚ್ಚಿ ಕೇಳಬೇಕು. "ಮೊದಲ ಅನ್ನಸು, ಆಮ್ಯಾಲ ಮಾಡಸು ತಮ್ಮಾ." ಇನ್ನೊಂದು, ಪ್ರತಿ ಸ್ಕ್ರಿಪ್ಟಿನ ತಲೆಯ ಮೇಲೆ ಇದು ಯಾಕೆ ಎಂದು ಬರೆದಿಡುವುದು. "ನಾಳೆ ಓದಾಂವ ನೀನ. ಆದ್ರ ಇವತ್ತ ಇದ್ದಷ್ಟ ಶಾಣ್ಯಾ ನೀ ನಾಳೆ ಇರಾಂಗಿಲ್ಲ." ಇದು ಎಷ್ಟು ಖರೆ ಎಂಬುದು ನನಗೆ ವರ್ಷವರ್ಷವೂ ಹೆಚ್ಚು ಮನದಟ್ಟಾಗುತ್ತಿದೆ.

ಇನ್ನು ಟೇಪುಗಳ ಸಂಗತಿ. ಎಲ್ಲ ಮಾಹಿತಿಯ ನಕಲನ್ನು ವಾರಕ್ಕೊಮ್ಮೆ ಟೇಪಿಗೆ ಇಳಿಸಿ ಕಾರ್ಖಾನೆಯ ಹೊರಗೆ ಇಡಬೇಕು. ಕಾಕಾ ಮೂರು ಟೇಪು ಮಾಡಿ, ವಾರಕ್ಕೊಂದರಂತೆ ಸರದಿಯ ಮೇಲೆ ಮೂರು ಊರಿಗೆ ಹಂಚುತ್ತಿದ್ದರು. ಒಂದು ಗೋಕಾಕದ ತಮ್ಮ ಮನೆಯ ಟ್ರಂಕಿನಲ್ಲಿ, ಒಂದು ಮೂಡಲಗಿಯ ಗೆಳೆಯನ ಕಿರಾಣಿ ಅಂಗಡಿಯಲ್ಲಿ, ಇನ್ನೊಂದು ಹುಕ್ಕೇರಿಯಲ್ಲಿ ಅಕ್ಕ ತಾರಕ್ಕನ ಸೀರೆ ಕಪಾಟಿನಲ್ಲಿ. ಮೂಡಲಗಿಯ ಗೆಳೆಯ ಒಮ್ಮೆ ಅದರಲ್ಲಿ ಭಜನೆ ಇರಬಹುದೆಂದು ಟೇಪ್‌ರಿಕಾರ್ಡರಿಗೆ ತುರುಕಲು ನೋಡಿದ್ದನಂತೆ. ಹಿಡಿಸಲಿಲ್ಲ, ಹೀಗಾಗಿ ನಮ್ಮ ಟೇಪು ಉಳಿಯಿತು.

ಆ ವರ್ಷದ ಖಂಡೇ ಪೂಜೆ ಬಂತು. ಇಡೀ ಕಾರ್ಖಾನೆಗೆ ಕಾರ್ಖಾನೆಯೇ ತೊಳೆಯುತ್ತಿತ್ತು. ಕಾಕಾ ರಜೆಯಲ್ಲಿದ್ದರು. ನಾನು ಮಾನಿಟರ್ ಒರೆಸಿದೆ, ಕೀಬೋರ್ಡ್ ಝಾಡಿಸಿದೆ, ಪ್ರಿಂಟರಿಗೆ ಹೂ ಏರಿಸಿದೆ. ಎಲ್ಲರೂ ತಂತಮ್ಮ ಯಂತ್ರದ ಒಳಗೂ ಕೈ ಹಾಕಿ ತಿಕ್ಕುತ್ತಿರುವಾಗ ನಾನೊಬ್ಬ ಹೊರಗಷ್ಟೇ ಒರೆಸುವುದು ಮನಸ್ಸಿಗೆ ಬರಲಿಲ್ಲ. ಟೋಪಿಯಿಲ್ಲದ ಬರಿದಲೆಯಲ್ಲೇ ರೂಟ್ ಒಳಹೊಕ್ಕು ಅಡ್ಡಾಡಿದೆ. 'ಹಳೆ' ಎಂಬ ಫೋಲ್ಡರೊಂದು ಖಾಲಿ ಬಿದ್ದಿತ್ತು. ಖಾಲಿ ಡಬ್ಬಿಯನ್ನು ಯಾರಾದರೂ ಗೋಡೆಯ ಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆಯೇ? ತೆಗೆದು ಹಾಕಿದೆ. ಎಕೋ ಗಿಕೋ ಏನೂ ಇಲ್ಲ. ಪುಣ್ಯದ ಕೆಲಸಕ್ಕೆ ಅದೆಲ್ಲ ಯಾಕೆ?

ಮರುದಿನ ದಸರೆ. ಕೋಣೆಯಲ್ಲಿ ನರಪಿಳ್ಳೆ ಇಲ್ಲ. ಬೇಡಾದ ಕಡತಗಳು ಬಂದು ಬೀಳುವ 'ಹಳೆ'ಯನ್ನು ವಾರಕ್ಕೊಮ್ಮೆ ಖಾಲಿ ಮಾಡಲೆಂದು ಕಾಕಾ ಬರೆದಿಟ್ಟ ಸ್ಕ್ರಿಪ್ಟು ಸಂಜೆ ಏಳಕ್ಕೆ ಸರಿಯಾಗಿ ಎದ್ದಿತು. ಅದಕ್ಕಿದ್ದ ಅಪ್ಪಣೆ ಎರಡೇ: 'ಹಳೆ'ಯೊಳಗೆ ಹೋಗು, ಅಲ್ಲಿರುವುದನ್ನೆಲ್ಲ ಅಳಿಸು. ಹೋಗಲು 'ಹಳೆ' ಇರಲಿಲ್ಲ. ಮನುಷ್ಯನಾಗಿದ್ದರೆ ವಾಪಸು ಬರುತ್ತಿದ್ದ. ಯಂತ್ರ ನಿಂತಲ್ಲೇ ನಿಂತು ಎರಡನೆಯ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿತು. ಅದು ನಿಂತಿದ್ದುದು ಹೊಸ ಹಂಗಾಮಿನ ಕಬ್ಬು ಕಡಿಯುವ ಪಾಳಿಯ ಪಟ್ಟಿಯ ಮೇಲೆ.

ಯಾವ ಊರಿನ ಯಾರ ಹೊಲಕ್ಕೆ ಯಾವತ್ತು ಕಬ್ಬು ಕಡಿಯುವ ಗ್ಯಾಂಗು ಹೋಗಬೇಕು ಎಂಬುದೆಲ್ಲ ಆ ಪಟ್ಟಿಯಲ್ಲಿ. ಮಾರನೆಯ ಸಂಜೆಯೊಳಗೆ ಅದು ಬೋರ್ಡಿಗೆ ಬೀಳಲೇಬೇಕಿತ್ತು. ಬೆಳಿಗ್ಗೆಯೇ ಗೇಟಿನಲ್ಲಿ ಮಂದಿ ನೆರೆದಿದ್ದರು. ಮಮದಾಪುರದ ಮುದುಕರೊಬ್ಬರು ಕಿಟಕಿಯಲ್ಲಿ ತಲೆ ತೂರಿಸಿ, "ಮಷಿನ್ ಎಲ್ಲಾ ಮರತೈತೆಂತಲ್ಲಪಾ. ಅದಕ್ಕೂ ವಯಸ್ಸಾತೇನು?" ಎಂದು ನಿಜವಾದ ಕಳಕಳಿಯಿಂದ ಕೇಳಿದರು.

ರಜೆ ಮುಗಿಸಿ ಬಂದಿದ್ದ ಕಾಕಾ ನನ್ನ ಕಡೆ ತಿರುಗಿ, "ಹಳೆ ಫೋಲ್ಡರ್ ಎಲ್ಲಿ ಹೋತು ತಮ್ಮಾ?" ಅಂದರು.

"ಗೊತ್ತಿಲ್ರಿ ಕಾಕಾ" ಅಂದೆ. ಆರು ತಿಂಗಳು ಮುಗಿಯಲು ಇನ್ನು ಹನ್ನೆರಡು ದಿನ ಉಳಿದಿದ್ದವು.

ದೊಡ್ಡ ಸಾಹೇಬರು ಒಳಗೆ ಬಂದು, ಯಾರದು ಇದು ಎಂದು ಗುಡುಗಿದರು. ಕಾಕಾ ಎದ್ದು ನಿಂತರು. "ಸ್ಕ್ರಿಪ್ಟು ನಂದ್ರಿ ಸಾಹೇಬ್ರ. ತಪ್ಪೂ ನಂದ. ಸಂಜೀಕ ಪಟ್ಟಿ ಹಚ್ಚತೇನಿ." ಮೂವತ್ತು ವರ್ಷ ಒಂದು ಮಾತು ಕೇಳಿಸಿಕೊಳ್ಳದ ಮನುಷ್ಯ ನನ್ನೆದುರು ನಿಂತು ಬೈಸಿಕೊಂಡರು. ನಾನು ಕೀಬೋರ್ಡಿನ ಮೇಲೆ ಉಳಿದ ಚೆಂಡುಹೂವಿನ ಎಸಳು ಎಣಿಸುತ್ತಿದ್ದೆ.

ಆ ವಾರದ ಟೇಪು ಇದ್ದುದು ಹುಕ್ಕೇರಿಯಲ್ಲಿ. ಕೆಂಪು ಬಸ್ಸು ಹಿಡಿದು ಇಬ್ಬರೂ ಹೋದೆವು. ಧುಪದಾಳದ ಹತ್ತಿರ ಬಸ್ಸು ಕುರಿಗಳಿಗಾಗಿ ಅರ್ಧ ತಾಸು ನಿಂತಿತು. ತಾರಕ್ಕನ ಮನೆಯಲ್ಲಿ ಟೇಪು ಕಪಾಟಿನಲ್ಲಿರಲಿಲ್ಲ. ದೇವರ ಮುಂದೆ ಕುಡಗೋಲು, ಈಳಿಗೆಮಣೆಗಳ ಸಾಲಿನಲ್ಲಿ ಕುಂಕುಮ ಹಚ್ಚಿಕೊಂಡು ಕೂತಿತ್ತು.

"ನಿನ್ನ ಹತಾರ ಇದ ಅಲ್ಲೇನೋ ಬಾಬು? ಪೂಜಾ ಮಾಡಲಾರದ ಹೆಂಗ ಬಿಡೂದು? ಕೈಕಾಲ ತೊಳ್ಕೊಂಡ ಬಂದ ತಗೋ" ಎಂದರು ತಾರಕ್ಕ. ಕಾಕಾ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಪುಣ್ಯಕ್ಕೆ ಕುಂಕುಮ ಡಬ್ಬಿಯ ಮೇಲಷ್ಟೇ ಇತ್ತು.

ಮರಳಿ ಬಂದು ಟೇಪು ಹಾಕುವಾಗ ನಾಲ್ಕು ದಾಟಿತ್ತು. ಅದು ಕುಂಯ್ ಎಂದು ತಿರುಗುತ್ತ ಒಂದೊಂದೇ ಊರನ್ನು ವಾಪಸು ಕೊಡುತ್ತಿತ್ತು. ಮಮದಾಪುರ ಬಂತು, ಘೋಡಗೇರಿ ಬಂತು. ಐದೂವರೆ ಆಯಿತು. ಕಾಕಾ ಟೋಪಿ ತೆಗೆಯಲಿಲ್ಲ, ಡಬ್ಬಿ ಬಿಚ್ಚಲಿಲ್ಲ. ಕಿಟಕಿಯ ಬಿಸಿಲು ಗೋಡೆ ಹತ್ತಿ ಕೆಂಪಾಗಿ ಮಾಯವಾಯಿತು. ಆಮೇಲೆ ಪ್ರಿಂಟರು ಕಿರ್ ಎಂದು ಪಟ್ಟಿ ಉಗುಳಿತು.

ನನಗೆ ತಡೆಯಲಾಗಲಿಲ್ಲ. "ಕಾಕಾ, ಹಳೆ ಫೋಲ್ಡರ್ ನಾನ ತಗದಿದ್ದೆರಿ."

"ಗೊತ್ತೈತಿ. ನೀ ಬರದಿದ್ದೆಲ್ಲಾ ಮಷಿನ್ ಬರದ ಇಟ್ಕೊಂಡಿರತೈತಿ. ಮುಂಜಾನೆನ ನೋಡೇನಿ."

"ಸಾಹೇಬ್ರಿಗೆ ಯಾಕ ಹೇಳಲಿಲ್ರಿ?"

"ಹೇಳಿದ್ರ ಟೇಪ್ ಲಗೂ ತಿರಗತಿತ್ತೇನು? ಮತ್ತ ನಂದೂ ಐತಿ. ಒಳಗ ಹ್ವಾದ್ರ ಅಷ್ಟ ಅಳಸು ಅಂತ ಬರೀಬೇಕಿತ್ತು." ಎರಡು ಅಪ್ಪಣೆಗಳ ನಡುವೆ ಅಂಡ್ ಎಂಬ ಆ ಸುರುಳಿ ಚಿಹ್ನೆಯನ್ನು ಎರಡು ಸಲ ಒತ್ತಿದರು. ಮೊದಲನೆಯದು ಸರಿಹೋದರೆ ಮಾತ್ರ ಎರಡನೆಯದು ಎಂದು ಅದರ ಅರ್ಥ. ಒತ್ತಿ, ಟೋಪಿ ತೆಗೆದು, ತಮ್ಮ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು. "ನನ್ನ ಹೊತ್ತ ಹೋತು. ಚೆಲ್ಲಬಾರದು. ನೀ ಉಣ್ಣು."

ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಹಸಿದ ಮನುಷ್ಯನ ಎದುರು ಕೂತು ಅವರ ಊಟ ಉಂಡೆ. ಕೆಲಸದಿಂದ ತೆಗೆದುಹಾಕಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. "ಚಟ್ನಿ ಉಳಸಬ್ಯಾಡ" ಎಂದು ಅವರು ಮೇಲಿಂದ ಎಚ್ಚರಿಸುತ್ತಿದ್ದರು.

ನಿವೃತ್ತರಾಗುವ ದಿನ ಈ ಟೇಪನ್ನು ನನ್ನ ಕೈಗಿಟ್ಟು ಹೋದರು. ಈಗ ಕಾಕಾ ಇಲ್ಲ. ಇದನ್ನು ಓದಬಲ್ಲ ಯಂತ್ರವೂ ಎಲ್ಲೂ ಇಲ್ಲ.

"ಇದೇನು, ಚೀಲಕ್ಕೋ ಮ್ಯಾಲಕ್ಕೋ?" ಹೆಂಡತಿ ಕೇಳಿದಳು. ಕಾಕಾ ಕಾರ್ಖಾನೆಯನ್ನು ಉಳಿಸಿದ ಕತೆಯನ್ನು ಅವಳಿಗೆ ನೂರು ಸಲ ಹೇಳಿದ್ದೇನೆ. ಕೆಡಿಸಿದವನು ಯಾರು ಎಂಬುದನ್ನು ಪ್ರತಿ ಸಲವೂ ಹಾರಿಸಿದ್ದೇನೆ. ಇವತ್ತು ಹಾರಿಸಲಿಲ್ಲ. ರೊಟ್ಟಿ ಉಂಡದ್ದನ್ನೂ ಹೇಳಿದೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ಡಬ್ಬಿಯನ್ನು ಸೆರಗಿನಿಂದ ಒರೆಸಿದಳು, ಕುಂಕುಮ ಇದ್ದ ಜಾಗ ಬಿಟ್ಟು. ನಾಳೆಯ ಪೂಜೆಗೆಂದು ತೊಳೆದಿಟ್ಟ ಈಳಿಗೆಮಣೆ, ಮಿಕ್ಸರಿನ ಪಕ್ಕಕ್ಕೆ ಅದನ್ನೂ ಇಟ್ಟಳು. ಆಮೇಲೆ ಕಿಟಕಿಯ ಕಡೆ ನೋಡಿ, "ಹೊತ್ತ ಮುಳಗಾಕ ಬಂತು. ಉಳದಿದ್ದ ಆಮ್ಯಾಲ ಕೂಗೀರಂತ, ಮೊದಲ ಉಣ್ಣಬರ್ರಿ" ಅಂದಳು.

ಗೋಡೆಯ ಮೇಲೆ ಇನ್ನೂ ಒಂದು ಗೇಣು ಬಿಸಿಲಿತ್ತು. ಕೈ ತೊಳೆದುಕೊಂಡು ಕೂತೆ.